ಸುಟ್ಟ ಬನ್ನಿನ ಪಾಲು

ನಮ್ಮ ಬೇಕರಿಯಲ್ಲಿ ಅಪ್ಪನ ಕಾಲದಿಂದಲೂ ಒಂದು ಕಟ್ಟಳೆ: ಬನ್ನು ಸುಟ್ಟವನೇ ಅದನ್ನು ತಿನ್ನಬೇಕು. ಎಲ್ಲರೆದುರು, ನಿಂತುಕೊಂಡು. ಇದರಿಂದ ಕೆಲಸಗಾರರ ಕೈ ಪಳಗುತ್ತದೆಂದು ಅಪ್ಪ ನಂಬಿದ್ದರು. ಪಳಗಿದ್ದು ಹಲ್ಲು ಮಾತ್ರ.

ಯುದ್ಧ ಮುಗಿದು ನನ್ನ ತಮ್ಮ ಮನೆಗೆ ಬಂದ ಮೇಲೆ ಈ ಕಟ್ಟಳೆಗೆ ಕಾಯಂ ವಾರಸುದಾರ ಸಿಕ್ಕಿದ. ಯಾರು ಸುಟ್ಟರೂ ಕರಿಕಲನ್ನು ಹೆಕ್ಕಿ ತಾನೇ ತಿನ್ನುತ್ತಿದ್ದ. ಬೆಳಗಿನ ತಿಂಡಿ ಅವನಿಗೆ ಅದೊಂದೇ. ಗಲ್ಲಾದಲ್ಲಿ ಕೂತ ಅಮ್ಮ ಗಿರಾಕಿಗಳಿಗೆ ಹೇಳಿದ್ದೇ ಹೇಳಿದ್ದು: “ನನ್ನ ಚಿಕ್ಕ ಮಗ ತನಗೆ ಅಂತ ಒಂದು ಒಳ್ಳೇ ಬನ್ನೂ ಮುಟ್ಟಲ್ಲ. ಬಂಗಾರ!” ನಮ್ಮಲ್ಲಿ ಊರಿಗೆಲ್ಲ ಅಯ್ಯೋ ಪಾಪ ಅನ್ನಬಹುದು, ತನಗೆ ತಾನೇ ಅಂದುಕೊಂಡರೆ ಅದು ಸೋಗು.

ಯುದ್ಧದಲ್ಲಿ ಅವನು ಲಾರಿ ಓಡಿಸುತ್ತಿದ್ದ. ಸೇತುವೆಯ ಹತ್ತಿರ ಗೆಳೆಯನೊಬ್ಬ ಲಾರಿ ಹತ್ತಲು ಹಿಂದಿನಿಂದ ಓಡಿಬರುತ್ತಲೇ ಇದ್ದ. ಮೇಲಿನವರು ‘ಹೊರಡು’ ಅಂದರು, ಇವನು ಹೊರಟ. ತಟ್ಟೆಗಳಿಗೆ ಎಣ್ಣೆ ಸವರುತ್ತ ಒಮ್ಮೆ ಇಷ್ಟು ಹೇಳಿದ. “ಆಗಿದ್ದು ಆಯ್ತು, ಗಟ್ಟಿಯಾಗಿರು” ಅಂದೆ. ಅವನು ಎಷ್ಟು ಗಟ್ಟಿಯಾದನೆಂದರೆ, ಎರಡನೆಯ ಸಲ ಬಾಯಿ ಬಿಡಲಿಲ್ಲ.

ಬುಧವಾರ ಬುಧವಾರ ಆಸ್ಪತ್ರೆಗೆ, ಮನಸ್ಸಿನ ಡಾಕ್ಟರ ಹತ್ತಿರ ಹೋಗುತ್ತಿದ್ದ. ಒಂದು ಬೆಳಿಗ್ಗೆ ಬಿಸಿ ತಟ್ಟೆಯ ನಟ್ಟನಡುವಿನಿಂದ ಹೊಂಬಣ್ಣದ ಬನ್ನೊಂದನ್ನು ಎತ್ತಿಕೊಂಡು ನನ್ನ ಬಳಿ ಬಂದ. ಕಿವಿ ಕೆಂಪಾಗಿತ್ತು.

“ಅಣ್ಣ, ಡಾಕ್ಟರಮ್ಮ ಒಂದು ಕೆಲಸ ಹೇಳಿದ್ದಾರೆ. ದಿನಾ ಒಂದು ಒಳ್ಳೇದು ತಿನ್ಬೇಕಂತೆ. ಆ ನಿನ್ನ ಗೆಳೆಯ ಬದುಕಿ ಬಂದಿದ್ರೆ ಅವನ ಕೈಗೆ ಯಾವುದು ಕೊಡ್ತಿದ್ದೆಯೋ ಅದನ್ನೇ ನೀನೂ ತಿನ್ನು ಅಂದ್ರು.”

ನಾಲಿಗೆ ತುದಿಗೆ ಬಂದ ತಮಾಷೆಯನ್ನು ನುಂಗಿ ನನಗೆ ಅಭ್ಯಾಸವಿಲ್ಲ.

“ಓಹೋ! ದೊರೆಗಳಿಗೆ ನಡುವಿಂದು, ನಮಗೆ ಅಂಚಿಂದು! ಅಮ್ಮಾ, ನಿನ್ನ ಬಂಗಾರಕ್ಕೆ ಬಾಯಿರುಚಿ ಹತ್ತಿದೆ ನೋಡು!”

ಹಿಟ್ಟು ನಾದುತ್ತಿದ್ದವರೆಲ್ಲ ನಕ್ಕರು. ಅಮ್ಮ ಗಲ್ಲಾದಿಂದಲೇ, “ಮಾತ್ರೆ ಬರ್ಕೊಡಿ ಅಂದ್ರೆ ಬನ್ನು ಬರ್ಕೊಟ್ರಾ ಆ ಯಮ್ಮ?” ಅಂದಳು. ತಮ್ಮನೂ ನಕ್ಕ. ನಗುತ್ತಲೇ ಬನ್ನನ್ನು ಅದು ಇದ್ದ ಜಾಗದಲ್ಲೇ ಇಟ್ಟು, ಸಾಲು ಸರಿಮಾಡಿದ. ಮುಂದಿನ ಬುಧವಾರ ಆಸ್ಪತ್ರೆಗೆ ಹೋಗಲಿಲ್ಲ. “ವಾಸಿಯಾಯ್ತಣ್ಣ” ಅಂದ.

ಆಮೇಲೆ ನಾನೇ ಒಳ್ಳೆಯದನ್ನು ಕೈಗಿಟ್ಟು ನೋಡಿದೆ. “ಗಿರಾಕಿಗಿರ್ಲಿ ಬಿಡಣ್ಣ.” ಸುಡುವುದೇ ನಿಂತರೆ ಒಳ್ಳೆಯದನ್ನು ತಿನ್ನಲೇಬೇಕಲ್ಲ ಎಂದು ನಾನು ಲೆಕ್ಕ ಹಾಕಿ, ವಾರವಿಡೀ ಒಲೆಯ ಬಾಯಿ ಬಿಟ್ಟು ಕದಲಲಿಲ್ಲ. ಒಂದೂ ಸುಡಲಿಲ್ಲ. ಅವನು ವಾರವಿಡೀ ಬರೀ ಚಹಾ ಕುಡಿದ.

ಸೋತು, ಈಗ ದಿನಾ ಬೇಕೆಂತಲೇ ಒಂದನ್ನು ಸುಡುತ್ತೇನೆ. ನಿನ್ನೆಗಿಂತ ಇವತ್ತು ಒಂಚೂರು ಕಮ್ಮಿ. ಹೀಗೇ ಇಳಿಸುತ್ತ ಹೋದರೆ ಒಂದು ದಿನ ಗೊತ್ತಾಗದೆಯೇ ಒಳ್ಳೆಯದನ್ನು ತಿಂದಾನು ಎಂಬ ಆಸೆ. ಇವತ್ತಿನದಕ್ಕೆ ತಳದಲ್ಲಷ್ಟೇ ಕಪ್ಪು. ಅವನು ತಿರುಗಿಸಿ ನೋಡಿದ.

“ಇದು ಚೆನ್ನಾಗೇ ಇದೆಯಲ್ಲಣ್ಣ.”

ಗಿರಾಕಿಗಳ ತಟ್ಟೆಗೆ ಸೇರಿಸಿಬಿಟ್ಟ.

ಹೇಳಬೇಕಾದ ಮಾತನ್ನು ಹುಡುಕುತ್ತ ನಿಂತ ನನಗೆ ಒಲೆಯ ನೆನಪಿರಲಿಲ್ಲ. ಮುಂದಿನ ತಟ್ಟೆಯ ಅಂಚಿನದೊಂದು ನಿಜವಾಗಿ ಕರಿಕಲಾಗಿ ಬಂತು. ತಮ್ಮ ಕೈ ಚಾಚಿದ. ನಾನು ಕೊಡಲಿಲ್ಲ.

“ಸುಟ್ಟಿದ್ದು ನಾನು ಕಣೋ” ಅಂದೆ. ಎಲ್ಲರೆದುರು, ನಿಂತುಕೊಂಡೇ ತಿಂದೆ.

ಅವನು ಖಾಲಿ ಕೈಯನ್ನು ಬಟ್ಟೆಗೆ ಒರೆಸಿಕೊಂಡು, ಚಹಾ ಕಾಯಿಸಿಕೊಳ್ಳಲು ಹೋದ.