ಜೊತೆಗೆ ಬಂದವರ ಸಾಲು

ನಾನು ಕುಡಿತ ಬಿಟ್ಟ ದಿನ ಮಲಪ್ರಭಾ ನದಿ ಒಂದು ಗೇಣು ಏರಿತು. ಮಳೆಯಿಂದಲ್ಲ, ಮಳೆಗಾಲ ಮುಗಿದು ಹೊಲಗಳೆಲ್ಲ ಒಣಗಿದ್ದವು. ಅಲ್ಲಿಯವರೆಗೆ ನನ್ನ ಲೋಟಕ್ಕೆ ಬೆರೆಸಲು ಹೋಗುತ್ತಿದ್ದ ನೀರು ಹೊಳೆಯಲ್ಲೇ ಉಳಿಯಿತು, ಅಷ್ಟೆ. ಗೋವಾದಲ್ಲಿ ಎರಡು ಸಾರಾಯಿ ಭಟ್ಟಿಗಳು ಬಾಗಿಲು ಹಾಕಿದವು. ಒಂದರ ಮಾಲೀಕ ನಮ್ಮ ಊರಿನವರೆಗೂ ಬಂದು, ನನ್ನ ಕಾಲು ಹಿಡಿದು, ಮಕ್ಕಳೊಂದಿಗನಪ್ಪಾ ಎಂದು ಅತ್ತ.

ಬೆಳಗಾವಿಯ ಅನಗೋಳದ ಓಣಿಯೊಂದರಲ್ಲಿರುವ ವ್ಯಸನಮುಕ್ತಿ ಕೇಂದ್ರದಲ್ಲಿ, ಚಾಪೆಯ ಮೇಲೆ ದುಂಡಗೆ ಕುಳಿತ ಕುಡುಕರ ಮುಂದೆ ನಾನು ಹೀಗೆ ಹೇಳಿದೆ. ಆ ಕೇಂದ್ರ ಕಟ್ಟಿದಾಗಿನಿಂದ ಅಂಥ ಮಾತನ್ನು ಅಲ್ಲಿನ ಗೋಡೆಗಳು ಕೇಳಿರಲಿಲ್ಲ. ಮೇಲೆ ತಿರುಗುತ್ತಿದ್ದ ಫ್ಯಾನು ಕೂಡ ಒಂದು ಗಳಿಗೆ ನಿಂತಿತು. ಕರೆಂಟು ಹೋಗಿತ್ತು ಎಂದು ಕೆಲವರು ಹೇಳುತ್ತಾರೆ. ಹೇಳಲಿ.

ನಾನು ರಾಯಪ್ಪ. ಖಾನಾಪುರ ತಾಲೂಕಿನ ಬೀಡಿ ಎಂಬ ಊರಿನವನು. ನಮ್ಮ ಅಪ್ಪ ಕುರಿ ಕಾಯ್ದ, ನಾನು ದನದ ದವಾಖಾನೆಯಲ್ಲಿ ಜವಾನನಾದೆ. ಡಾಕ್ಟರು ಸೂಜಿ ಚುಚ್ಚುವಾಗ ಎಮ್ಮೆಯ ಮೂಗು ಹಿಡಿದು ನಿಲ್ಲುವುದು ನನ್ನ ಕೆಲಸ. ನನ್ನ ಹಿಡಿತಕ್ಕೆ ಒಮ್ಮೆ ಸಿಕ್ಕ ಎಮ್ಮೆ ಮುಂದೆ ಸಂತೆಯಲ್ಲಿ ನನ್ನನ್ನು ಕಂಡರೆ ತಲೆ ಬಗ್ಗಿಸಿ ನಮಸ್ಕಾರ ಮಾಡುತ್ತದೆ.

ಕುಡಿತದ ಕಥೆಯಲ್ಲಿ ಮಾತ್ರ ಒಂದು ತೊಡಕಿತ್ತು. ನಾನು ಕುಡಿದವನೇ ಅಲ್ಲ. ಕುಡಿಯುತ್ತಿದ್ದವಳು ನನ್ನ ಹೆಂಡತಿ ಸಾತವ್ವ.

ಗರ್ಭಚೀಲ ತೆಗೆಸಿದ ಮೇಲೆ ಅವಳಿಗೆ ನಡುನೋವು ಹತ್ತಿತು. ರಾತ್ರಿಯೆಲ್ಲ ಹೊರಳಾಡುತ್ತಿದ್ದಳು. ಬಿಸಿನೀರಿನಲ್ಲಿ ಒಂದು ಮುಚ್ಚಳ ಗೋವಾ ಮಾಲು ಹಾಕಿ ಕುಡಿದರೆ ನೋವು ಓಡಿಹೋಗುತ್ತದೆ ಎಂದು ಯಾರೋ ಹೇಳಿದರು. ತಂದುಕೊಟ್ಟವನು ನಾನೇ. ಮುಚ್ಚಳ ಲೋಟವಾಯಿತು. ಗಂಡಸರ ಹಾಗೆ ಅವಳು ಓಣಿಯಲ್ಲಿ ನಿಂತು ಕೂಗಲಿಲ್ಲ, ಗಟಾರದಲ್ಲಿ ಬೀಳಲಿಲ್ಲ. ಹಾಲು ಹಿಂಡಿ, ರೊಟ್ಟಿ ಬಡಿದು, ಎಲ್ಲರಿಗೂ ಉಣ್ಣಿಸಿ, ಅಡುಗೆಮನೆಯ ಬಾಗಿಲು ಹಾಕಿಕೊಂಡು ಒಬ್ಬಳೇ ಕುಡಿಯುತ್ತಿದ್ದಳು. ಮೂರು ವರ್ಷ ನಾನು ಅದನ್ನು ನಡುನೋವು ಎಂದೇ ಕರೆದೆ.

ಕೊನೆಗೆ ಅನ್ನ ಹೋಗದಂತಾಯಿತು, ಕಣ್ಣು ಹಳದಿಯಾದವು. ಖಾನಾಪುರದ ಡಾಕ್ಟರು ಹೊಟ್ಟೆ ಒತ್ತಿ ನೋಡಿ, ಲಿವರ್ ಕೆಟ್ಟಿದೆ, ಹೀಗೇ ಕುಡಿದರೆ ಬದುಕುವುದಿಲ್ಲ, ಮನೆಯಲ್ಲಿ ಒಮ್ಮೆಲೇ ಬಿಟ್ಟರೂ ಅಪಾಯ, ಬೆಳಗಾವಿಗೆ ಕರೆದುಕೊಂಡು ಹೋಗು ಎಂದರು.

ಬಸ್ಸಿನಲ್ಲಿ ಮನೆಗೆ ಬರುವಾಗ ಸಾತವ್ವ ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದಳು.

"ಊರಾಗ ನನ್ನ ಹೆಸರ ಬರಬಾರದು ನೋಡ್ರಿ. ನಮ್ಮ ಹುಡಿಗಿ ರೂಪಾಲಿದು ಮದವಿ ಮಾತ ನಡದೈತಿ. ಕುಡುಕನ ಮಗಳ್ನ ಮಂದಿ ಮಾಡ್ಕೋತಾರ. ಕುಡ್ಯಾಕಿ ಮಗಳ್ನ ಯಾರ ಮಾಡ್ಕೋತಾರ?"

ಆಗಲೇ ನನ್ನ ತಲೆಯಲ್ಲಿ ಆ ಮಹಾ ಉಪಾಯ ಹುಟ್ಟಿತು. ಕುಡುಕ ನಾನಾಗುವುದು. ಜೊತೆಗೆ ನೋಡಿಕೊಳ್ಳಲು ಬಂದವಳು ಅವಳಾಗುವುದು. ಔಷಧಿ ನನ್ನ ಹೆಸರಿನಲ್ಲಿ ಬರುತ್ತದೆ, ಅವಳ ಹೊಟ್ಟೆಗೆ ಹೋಗುತ್ತದೆ. ಹೆಂಡತಿಗಾಗಿ ಇಂಥ ತ್ಯಾಗ ಖಾನಾಪುರದಿಂದ ಗೋವಾದ ಸಮುದ್ರದವರೆಗೆ ಯಾವ ಗಂಡನೂ ಮಾಡಿಲ್ಲ. ಸಮುದ್ರದ ಆಚೆಯದು ನನಗೆ ಗೊತ್ತಿಲ್ಲ.

ಊರಿನಲ್ಲಿ ಸುದ್ದಿ ಹಬ್ಬಿಸಿದೆ. ಜನ ಮೊದಲು ನಂಬಲಿಲ್ಲ. ಆಮೇಲೆ ಎಷ್ಟು ನಂಬಿದರೆಂದರೆ, ನಾನು ಕುಡಿದು ಬಿದ್ದದ್ದನ್ನು ಕಣ್ಣಾರೆ ಕಂಡವರು ಅರ್ಧ ಊರು ತುಂಬಿದರು. ಹೊರಡುವ ದಿನ ಹಾಲಿನ ಡೇರಿಯ ಗಜಾನನ ಬಸ್ ನಿಲ್ದಾಣಕ್ಕೇ ಹಾರ ತಂದ.

"ಮುಚ್ಕೊಂಡು ಕುಡದ್ರೂ ಮಂದ್ಯಾಗ ಒಪ್ಕೊಂಡ್ಯಲ್ಲೋ ರಾಯಪ್ಪಣ್ಣ! ಗಂಡಸಂದ್ರ ಹಿಂಗಿರಬೇಕು," ಎಂದು ಹಾರ ಹಾಕಿದ. ಸಾತವ್ವನ ಕಡೆ ತಿರುಗಿ, "ಯಕ್ಕಾ, ಇಂಥಾ ಮನಷ್ಯಾನ ಕೂಡ ನೀ ಹೆಂಗ ಬಾಳೇ ಮಾಡಿದ್ಯೋ ತಾಯಿ!" ಎಂದ.

ಸಾತವ್ವ ತಲೆಯ ಮೇಲೆ ಸೆರಗು ಎಳೆದುಕೊಂಡು ಬಸ್ಸಿನ ಗಾಲಿ ನೋಡುತ್ತ ನಿಂತಿದ್ದಳು.

ಕೇಂದ್ರದಲ್ಲಿ ರೋಗಿಗಳಾದ ಗಂಡಸರಿಗೆ ದೊಡ್ಡ ಹಾಲ್ ಇತ್ತು. ಪ್ರತಿಯೊಬ್ಬರ ಜೊತೆಗೂ ಮನೆಯವರೊಬ್ಬರು ಇರಲೇಬೇಕೆಂಬ ನಿಯಮ. ಹಾಗೆ ಬಂದವರೆಲ್ಲ ಹೆಂಡಂದಿರು, ತಾಯಂದಿರು. ಅವರಿಗೆ ಹಿಂದೆ ಒಂದು ಕೋಣೆ. ಹೆಣ್ಣು ರೋಗಿಗಳಿಗೆಂದೂ ಒಂದು ಸಣ್ಣ ಕೋಣೆಯಿತ್ತು. ಯಾರೂ ಬಾರದೆ ಅದರಲ್ಲಿ ಹಳೆಯ ಗಾದಿಗಳನ್ನು ಒಟ್ಟಿದ್ದರು.

ಡಾಕ್ಟರು ನನ್ನನ್ನು ಕೇಳಿದರು, ದಿನಕ್ಕೆ ಎಷ್ಟು ಕುಡಿಯುತ್ತೀ? ಸಾತವ್ವ ಕುಡಿಯುತ್ತಿದ್ದದ್ದು ಒಂದು ಕ್ವಾರ್ಟರು, ಕಾಲು ಬಾಟಲಿ. ಅಷ್ಟನ್ನೇ ಹೇಳಬೇಕಿತ್ತು. ಆದರೆ ನನ್ನಂಥ ಎದೆಯ, ನನ್ನಂಥ ಮೀಸೆಯ ಗಂಡಸು ಕ್ವಾರ್ಟರಿಗೆ ಇಲ್ಲಿಗೆ ಬಂದನೆಂದರೆ ನಾಚಿಕೆಯಲ್ಲವೇ?

"ದಿನಕ್ಕ ಎರಡ ಫುಲ್ ಬಾಟ್ಲಿ ರೀ," ಎಂದೆ.

ಡಾಕ್ಟರು ನನ್ನ ಮೈಕಟ್ಟು ನೋಡಿ, ಎರಡು ಬಾಟಲಿಗೆ ತಕ್ಕ ಗುಳಿಗೆ ಬರೆದರು. ನರ್ಸ್ ಮಾಯಕ್ಕ ತಾನೇ ಎದುರು ನಿಂತು ನುಂಗಿಸಿ, ಬಾಯಿ ತೆರೆಸಿ ನೋಡುತ್ತಿದ್ದಳು. ಆದರೆ ಗುಳಿಗೆಯನ್ನು ದವಡೆಯ ಸಂದಿಯಲ್ಲಿ ಅಡಗಿಸುವ ವಿದ್ಯೆಯನ್ನು ನಾನು ಎಮ್ಮೆಗಳಿಂದಲೇ ಕಲಿತವನು. ಹೊರಗೆ ನಳದ ಹತ್ತಿರ ಬಂದು ತೊಳೆದು ಸಾತವ್ವನ ಕೈಗೆ ಕೊಡುತ್ತಿದ್ದೆ. ಅವಳು ಮಾತಿಲ್ಲದೆ ನುಂಗುತ್ತಿದ್ದಳು.

ಎರಡನೆಯ ದಿನಕ್ಕೇ ಅವಳು ತೂಕಡಿಸುತ್ತ ಗೋಡೆ ಹಿಡಿದು ನಡೆಯತೊಡಗಿದಳು. ಔಷಧಿ ಕೆಲಸ ಮಾಡುತ್ತಿದೆ ಎಂದು ನಾನು ಹಿಗ್ಗಿದೆ.

ಮರುದಿನ ಬೆಳಗಿನ ಬೈಠಕ್. ನಡುವೆ ನಾವು ಗಂಡಸರು, ನಮ್ಮ ಹಿಂದೆ ಗೋಡೆಗುಂಟ ಜೊತೆಗೆ ಬಂದ ಹೆಣ್ಣುಮಕ್ಕಳ ಸಾಲು. ಕೌನ್ಸೆಲರ್ ಪದ್ಮಶ್ರೀ ಎದುರು ಕುಳಿತಿದ್ದರು. ತೆಳ್ಳಗಿನ ಹೆಂಗಸು, ಯಾರೇನು ಹೇಳಿದರೂ ಹುಬ್ಬೇರಿಸುವವರಲ್ಲ. ಅಲ್ಲಿಯೇ ನಾನು ಮಲಪ್ರಭೆಯನ್ನು ಒಂದು ಗೇಣು ಏರಿಸಿದ್ದು.

ನಾನು ಮುಗಿಸಿದ ಮೇಲೆ ಅನಗೋಳದ ಕಿರಾಣಿ ಅಂಗಡಿಯ ಕಲ್ಲಯ್ಯ ಗಡ್ಡ ಕೆರೆದುಕೊಂಡ. ಅವನು ಈ ಕೇಂದ್ರಕ್ಕೆ ಬಂದು ಹೋಗಿ ಪಳಗಿದವನು.

"ಎರಡ ಬಾಟ್ಲಿ ಅಂದ್ರ ಕೈ ಭಾಳ ನಡಗತಿರಬೇಕಲ್ರಿ ರಾಯಪ್ಪನವರ?"

"ನಡಗೂದಂದ್ರ ಏನ ಕೇಳತೀರಿ! ಕುಡದ್ನೆಂದ್ರ ಸಾಕು, ಎರಡೂ ಕೈ ಹಗ್ಗದ ಮ್ಯಾಲಿನ ಅರಬಿ ಹಂಗ ಪಟಪಟ ಅಂತಿದ್ವು!"

"ಮತ್ತ ಮುಂಜಾನೆದ್ದ ಕೂಡ್ಲೆ?"

"ಮುಂಜಾನಿ ಕಲ್ಲು! ಸೂಜ್ಯಾಗ ದಾರಾ ಪೋಣಸ್ತಿದ್ನಿ."

 ಮೂಲೆಯಲ್ಲಿದ್ದ ಆಟೋ ಓಡಿಸುವ ಸಂಜಯ ಕಿಸಕ್ಕೆಂದ. ಕಲ್ಲಯ್ಯ ತೊಡೆ ತಟ್ಟಿ ನಕ್ಕ. ಇಡೀ ಹಾಲ್ ನಕ್ಕಿತು.

"ಅಲ್ಲೋ ಮಾರಾಯಾ," ಎಂದ ಕಲ್ಲಯ್ಯ ಕಣ್ಣೊರೆಸಿಕೊಳ್ಳುತ್ತ, "ನಡಗೂದು ಕುಡೀದಿದ್ದಾಗ! ಮುಂಜಾನಿ ಒಂದ ಗುಟುಕು ಹೋದ ಮ್ಯಾಲೇ ನಿಲ್ಲೂದು. ಅದರ ಸಲವಾಗಿನs ನಾವೆಲ್ಲಾ ಇಲ್ಲಿ ಬಂದ ಬಿದ್ದೀವಿ!"

"ಕಾಕಾ, ಖರೇ ಹೇಳ್ರಿ," ಎಂದ ಸಂಜಯ, "ವಾಸ್ನಿಯರ ನೋಡೀರೇನು?"

"ನಂದು ಬ್ಯಾರೆ ಥರಾ," ಎಂದೆ ನಾನು. "ನಾನು ಮಜ್ಜಿಗ್ಯಾಗ ಬೆರೆಸಿ ಕುಡೀತಿದ್ನಿ."

ಆ ನಗು ಬೆಳಗಾವಿಯ ಕೋಟೆಯವರೆಗೂ ಕೇಳಿಸಿ, ಅದರೊಳಗಿನ ಬಸದಿಗೆ ಬಂದವರು ಹೊರಗೆ ಓಡಿ ಬಂದು ನೋಡಿರಬೇಕು. ಪದ್ಮಶ್ರೀ ಒಬ್ಬರೇ ನಗಲಿಲ್ಲ. ಅವರು ನನ್ನನ್ನು ಬಿಟ್ಟು ನನ್ನ ಹಿಂದೆ ನೋಡುತ್ತಿದ್ದರು.

ಹಿಂದೆ ಚಹಾದ ಕಪ್ಪು ಬಿದ್ದ ಸಪ್ಪಳ. ಕಲ್ಲಯ್ಯನ ಹೆಂಡತಿ ಶಿವಲಿಂಗವ್ವ ಕೂಗಿದಳು.

"ಅಕ್ಕಾರ! ಈಕಿನ್ನ ನೋಡ್ರಿ, ಎಬ್ಬಿಸಿದ್ರೂ ಕಣ್ಣ ತಗೀವಲ್ಲಳು!"

ಸಾತವ್ವ ಶಿವಲಿಂಗವ್ವನ ಭುಜಕ್ಕೆ ಒರಗಿದ್ದಳು. ಚಹಾ ಸೀರೆಯ ಮೇಲೆಲ್ಲ ಚೆಲ್ಲಿತ್ತು. ಬಾಯಿ ಅರ್ಧ ತೆರೆದಿತ್ತು. ನಗು ನಿಂತಿತು. ಮಾಯಕ್ಕ ಓಡಿ ಬಂದು ನಾಡಿ ಹಿಡಿದು, "ಏನರ ತಗೊಂಡಾಳೇನು?" ಎಂದು ಸುತ್ತ ನೋಡಿದಳು.

ಸುಳ್ಳು ಹೇಳುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ. ಆದರೆ ಆಗ ಒಂದೂ ಹೊಳೆಯಲಿಲ್ಲ.

"ನನ್ನ ಗುಳಿಗಿ ರೀ," ಎಂದೆ. "ಎಲ್ಲಾ ಅಕೀಗೇ ಕೊಟ್ಟೀನಿ. ಕುಡ್ಯಾಕಿ ಅಕಿ. ನಾ ಅಲ್ಲ."

ಡಾಕ್ಟರು ಬಂದರು. ಗುಳಿಗೆಯ ಅಮಲು ಮೈಗೆ ಹೆಚ್ಚಾಗಿದೆ, ಸದ್ಯ ಉಸಿರು ಸರಿಯಾಗಿದೆ, ಬಿಟ್ಟು ಕದಲಬೇಡಿ ಎಂದರು. ಹೆಣ್ಣುಮಕ್ಕಳ ಕೋಣೆಯ ಗಾದಿಗಳನ್ನು ಕಲ್ಲಯ್ಯ, ಸಂಜಯ ಹೊರಗೆ ಹೊತ್ತು ಹಾಕಿದರು. ಸಾತವ್ವನನ್ನು ಅಲ್ಲಿ ಮಲಗಿಸಿದರು. ನಾನು ಹೊಸ್ತಿಲಲ್ಲಿ ಕುಳಿತು ಅವಳ ಸೆರಗು ಏರಿಳಿಯುವುದನ್ನೇ ನೋಡುತ್ತಿದ್ದೆ. ಬಿಸಿಲು ಇಳಿಯುವ ಹೊತ್ತಿಗೆ ಅವಳು ಕಣ್ಣು ತೆರೆದು ನೀರು ಕೇಳಿದಳು.

ಪದ್ಮಶ್ರೀ ಒಳಗೆ ಬಂದು ಕುರ್ಚಿ ಎಳೆದುಕೊಂಡರು. ಮೊದಲು ನನ್ನನ್ನು ನೋಡಿದರು.

"ನಿಮ್ಮ ದವಾಖಾನ್ಯಾಗ ಎಮ್ಮಿಗೆ ಹಾಕೂವಷ್ಟs ಔಷಧ ಆಡಿಗೆ ಹಾಕತೀರೇನ್ರಿ?"

"ಇಲ್ರಿ."

"ಮತ್ತ ಮನಿಯಾಕಿಗೆ?"

ನಾನು ಮೀಸೆ ಮುಟ್ಟಿಕೊಂಡೆ. ಅದು ಇದ್ದಲ್ಲೇ ಇತ್ತು.

ಸಾತವ್ವ ಮೆಲ್ಲಗೆ ಕೇಳಿದಳು. "ಅಕ್ಕಾರ, ನಮ್ಮೂರಾಗ ಗಂಡಸ್ರು ಇಪ್ಪತ್ತ ವರ್ಷ ಕುಡದ್ರೂ ಹೊಲಾ ಉಳತಾರ. ನನಗ ಮೂರ ವರ್ಷಕ್ಕs ಯಾಕ ಹಿಂಗಾತ್ರಿ?"

"ನಮ್ಮ ಮೈನs ಬ್ಯಾರೆ ಐತ್ರೀ. ಅಷ್ಟs ಕುಡದ್ರೂ ನಮಗ ರಕ್ತಕ್ಕ ಹೆಚ್ಚ ಏರತೈತಿ, ಲಿವರ್ ಲಗೂ ಸೋಲತೈತಿ. ನೀವೇನ ಪಾಪಾ ಮಾಡೀರಿ ಅಂತಲ್ಲ." ಪದ್ಮಶ್ರೀ ಅವಳ ಹೊದಿಕೆ ಸರಿಮಾಡಿದರು. "ಲಗೂ ಕೆಡತೈತಿ, ಬರೂದ ಮಾತ್ರ ಎಲ್ಲಾರಕಿಂತ ತಡಾ. ಗಂಡಸ್ರನ್ನ ಮನಿ ಮಂದೆಲ್ಲಾ ಎಳಕೊಂಡ ಬರತಾರ. ಹೆಣ್ಣಮಕ್ಕಳ್ನ ಕರಕೊಂಡ ಬರಾವ್ರs ಇಲ್ಲ. ಈ ಕೋಣಿ ನೋಡ್ರಿ."

ಗೋಡೆಯ ಮೇಲೆ ಗಾದಿಗಳ ಧೂಳಿನ ಗುರುತು ಹಾಗೇ ಇತ್ತು.

"ನಿಮ್ಮನ್ನ ಇಲ್ಲೇ ಇಟ್ಕೋತೀವಿ," ಎಂದರು. "ನಿಮ್ಮ ಮೈಗೆ ತಕ್ಕಂಗ ಔಷಧ ಬ್ಯಾರೆ. ಗಂಡಸ್ರ ನಡಬರಕ ಕುಂತು ಮಾತಾಡೂದು ಬ್ಯಾಡ, ಮಧ್ಯಾಹ್ನ ನಾವಿಬ್ರs ಮಾತಾಡೂಣು. ನಿಮ್ಮೂರಿಗೆ ಒಂದಕ್ಷರ ಹೋಗೂದಿಲ್ಲ. ಆದ್ರ ಜೋಡಿ ಮನಿಯವ್ರು ಒಬ್ರು ಬೇಕs ಬೇಕು. ಇಲ್ಲಾಂದ್ರ ಇಟ್ಕೊಳ್ಳಾಕ ಬರೂದಿಲ್ಲ." ನನ್ನ ಕಡೆ ತಿರುಗಿದರು. "ರಾತ್ರಿ ಮಾಯಕ್ಕ ಒಳಗ ಇರತಾಳ. ಹಗಲಿಗೆ ನೀವು. ಅರಬಿ ಒಗೀಬೇಕು, ಗಂಜಿ ಕುಡಸ್ಬೇಕು, ಬೈಠಕ್‌ದಾಗ ಹಿಂದಿನ ಸಾಲಿನ್ಯಾಗ ಕುಂದರ್ಬೇಕು."

ಹಿಂದಿನ ಸಾಲು ಎಂದರೆ ಶಿವಲಿಂಗವ್ವ, ಸಂಜಯನ ತಾಯಿ, ಸೆರಗು ಹೊದ್ದ ಹೆಂಗಸರು. ನಾನು ಗಂಟಲು ಸರಿಮಾಡಿಕೊಂಡೆ.

"ನಮ್ಮ ತಂಗಿ ಪ್ರಮಿಳಾನ ಕಳಸತೀನ್ರಿ. ಹೆಣ್ಣಮಕ್ಕಳ ಕೆಲಸಾ ಹೆಣ್ಣಮಕ್ಕಳಿಗೇ ಛಲೋ. ನಾನು ಇಕಿ ಸಲವಾಗಿ ಇಷ್ಟ ತ್ಯಾಗಾ ಮಾಡೀನಿ. ನನ್ನ ಹೆಸರs ಕೆಡಿಸ್ಕೊಂಡೀನಿ. ಇಕಿನs ಕೇಳಿದ್ಲು, ನನ್ನ ಹೆಸರ ಬರಬಾರದು ಅಂತ..."

"ಸುಳ್ಳು."

ಸಾತವ್ವ ಮೊಣಕೈ ಊರಿ ಅರ್ಧ ಎದ್ದಿದ್ದಳು.

"ಊರಾಗ ಬರಬಾರದು ಅಂದ್ನಿ. ನಮ್ಮ ಅಕ್ಕನ ಮನಿಗೆ ಹೊಂಟೀವಿ ಅಂತ ಹೇಳಿದ್ರ ಮುಗೀತಿತ್ತು. ಕುಡುಕ ಆಗ್ರಿ ಅಂತ ನಾ ಅಂದ್ನೇನು? ಇಲ್ಲಿ ಡಾಕ್ಟರ ಮುಂದ ನನ್ನ ಹೆಸರ ಹೇಳಿದ್ರ ಬೀಡಿ ಮಂದಿಗೆ ಹೆಂಗ ತಿಳೀತಿತ್ತು? ಹೇಳ್ರಿ ಅಕ್ಕಾರ ಮುಂದ. ಯಾರ ಸಲವಾಗಿ ಮಾಡಿದ್ರಿ?"

ಪದ್ಮಶ್ರೀ ಕುರ್ಚಿಯನ್ನು ನನ್ನ ಕಡೆ ತಿರುಗಿಸಿಕೊಂಡರು.  ಬಾಗಿಲ ಹೊರಗೆ ಕಲ್ಲಯ್ಯ ಕೆಮ್ಮಿದ. ಕಿವಿ ಇಲ್ಲೇ ಇಟ್ಟಿದ್ದ ಎಂದು ಗೊತ್ತಾಯಿತು. ಸಾತವ್ವನ ಹಳದಿ ಕಣ್ಣು ನನ್ನ ಮೇಲಿದ್ದವು. ನಾನು ಹೋಗಿ ಅವಳ ಬೆನ್ನಿಗೆ ದಿಂಬು ಕೊಟ್ಟು ಅಲ್ಲೇ ನೆಲದ ಮೇಲೆ ಕುಳಿತೆ.

"ಖರೇ ಹೇಳತೀನ್ರಿ ಅಕ್ಕಾರ," ಎಂದೆ. "ಇಕಿ ಸಲವಾಗಿ ಅಲ್ಲ. ಕುಡುಕ ಅಂದ್ರ ಮಂದಿ ನಗತಾರ, ಹಾರಾ ಹಾಕತಾರ, ಮರೀತಾರ. ಕುಡ್ಯಾಕಿ ಗಂಡ ಅನ್ನಿಸ್ಕೊಂಡು ಇಲ್ಲಿ ಬಂದು, ಹೆಣ್ಣಮಕ್ಕಳ ಸಾಲಿನ್ಯಾಗ ಕುಂದ್ರಾಕ ನನಗ ನಾಚಿಕಿ ಆತು. ಅದಕ್ಕ ರೋಗಿ ಆದ್ನಿ. ಆ ಹಾರಾ ಹಾಕಿದಾಗಂತೂ ಭಾಳ ಛಲೋ ಅನ್ನಿಸ್ತ್ರಿ. ಮುಂದಿಂದೆಲ್ಲಾ ನಾಲಿಗಿನs ಹೇಳ್ಕೋಂತ ಹೋತು. ನಾನು ಹನಿ ಕುಡದಾವಲ್ಲ. ಇಕಿ ಗಂಡ ನಾನು, ಜೋಡಿ ಬಂದಾವ."