ಮೊದಲು ಮಾಲು, ಕಾಗದ ಆಮೇಲೆ

ತಳ್ಳುಗಾಡಿಯ ಒಂದು ಚಕ್ರ ಕಿರ್ರೆನ್ನುತ್ತಿದೆ, ಉಳಿದವಕ್ಕೆಲ್ಲ ಎಣ್ಣೆ ಬಿಟ್ಟವನು ಇದೊಂದನ್ನು ಯಾಕೆ ಬಿಟ್ಟನೋ, ವಿಮಾನ ನಿಲ್ದಾಣದ ಸರಕಿನ ಶೆಡ್ಡಿನ ಆ ತುದಿಯಿಂದ ಸದ್ದು ಹತ್ತಿರವಾಗುತ್ತಿದೆ, ಅದೇ ಇರಬೇಕು, ಅವನು ಕೌಂಟರಿನ ಕಂಬಿಯ ಮೇಲಿಂದ ಕತ್ತು ಚಾಚಿದ — ಅಲ್ಲ, ಹೂವು. ರಟ್ಟಿನ ಪೆಟ್ಟಿಗೆಗಳ ತಣ್ಣನೆ ವಾಸನೆ ಮೂಗಿಗೆ ತಾಗಿ ಹೋಯಿತು. ಏನ್ ಅರ್ಜೆಂಟಣ್ಣ, ಹೂವು ಬಿಟ್ಟುಕೊಟ್ರಾ ಇವತ್ತು, ಅಂದ ಗಾಡಿ ತಳ್ಳುವವನು, ಇವನು ತಲೆ ಆಡಿಸಿದ, ನಗಬೇಕಿತ್ತು, ತುಟಿ ಏಳಲಿಲ್ಲ. ತಾಯಿ ಇಟ್ಟ ಹೆಸರು ಎದೆಯ ಮೇಲಿನ ಪಾಸಿನಲ್ಲಷ್ಟೇ ಉಳಿದಿದೆ, ಈ ಶೆಡ್ಡಿನಲ್ಲಿ ಅವನು ಅರ್ಜೆಂಟಣ್ಣ. ಕಬ್ಬಿಣ, ಬಟ್ಟೆ, ಯಂತ್ರದ ಬಿಡಿಭಾಗ ಬಿಡಿಸುವ ಏಜೆಂಟರು ಬೇರೆ, ಅವು ಗೋದಾಮಿನಲ್ಲಿ ತಿಂಗಳು ಕೂತರೂ ಕೊಳೆಯುವುದಿಲ್ಲ, ಇವನದೇನಿದ್ದರೂ ಕಾಯಲಾರದ ಮಾಲು, ಹೂವು, ಮೀನು, ಲಸಿಕೆ, ಕಣ್ಣು ಬಿಟ್ಟು ಎರಡು ದಿನವಾಗದ ಕೋಳಿಮರಿ, ಒಮ್ಮೊಮ್ಮೆ ಶವಪೆಟ್ಟಿಗೆ. ಇಂಥವಕ್ಕೆಂದೇ ಕಸ್ಟಮ್ಸ್‌ನವರು ಒಂದು ಕಿಟಕಿ ಇಟ್ಟಿದ್ದಾರೆ, ಮಾಲನ್ನು ಈಗ ಒಯ್ಯಿ, ಪೂರ್ತಿ ಕಾಗದ ಆಮೇಲೆ ತಂದುಕೊಡು, ತರದಿದ್ದರೆ ನಿನ್ನ ಜುಟ್ಟು ನಮ್ಮ ಕೈಲಿ. ಅಕ್ಕನ ಮಗಳು ಪುಟ್ಟಿ ಚಿಕ್ಕವಳಿದ್ದಾಗ ಕೇಳಿದ್ದಳು, ಮಾಮ, ನೀನು ಆಫೀಸಲ್ಲಿ ಏನ್ ಮಾಡ್ತೀಯ, — ಅಂಗಡಿಯವನು ಪೆನ್ಸಿಲ್ ಕೊಟ್ಟು ಅಮ್ಮನ ಚೀಟಿ ನಾಳೆ ತಗೊಂಡ್ ಬಾ ಅಂತಾನಲ್ಲ, ಹಂಗೆ, ಅಮ್ಮ ಚೀಟಿ ಕೊಟ್ಟೇ ಕೊಡ್ತಾಳೆ ಅಂತ ಅಂಗಡಿಯವನಿಗೆ ಹೇಳೋ ಕೆಲಸ ನಂದು, — ಅಷ್ಟಕ್ಕೇನಾ ಟೈ ಕಟ್ಕೊಂಡ್ ಹೋಗೋದು? ಅಕ್ಕ ಬಾಗಿಲ ಸಂದಿಯಲ್ಲಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದಳು, ಆ ನಗು ಈಗ ಎಲ್ಲಿಂದ ಬಂತು, ಈ ಡೀಸೆಲ್ ಹೊಗೆಯ ನಡುವೆ.

ವಿಮಾನ ಇಳಿದಿದೆ, ಬೋರ್ಡಿನ ಮೇಲೆ ಬಂದಾಗಿದೆ. ನಿನ್ನೆಯೇ ಇಳಿಯಬೇಕಿತ್ತು, ದಾರಿಯ ಊರಿನಲ್ಲಿ ಮಂಜು ಕವಿದು ರನ್‌ವೇ ಕಾಣುವುದಿಲ್ಲವೆಂದು ರಾತ್ರಿಯೆಲ್ಲ ನಿಲ್ಲಿಸಿದ್ದರು, ಮಂಜಿನ ಮೇಲೆ ಯಾರಿಗೆ ದೂರು ಕೊಡುವುದು. ನಿನ್ನೆ ಆಸ್ಪತ್ರೆಯ ಗಾಜಿನ ಆಚೆ ಪುಟ್ಟಿ ಮಲಗಿದ್ದಳು, ಬೋಳುತಲೆ ಚಿಕ್ಕದಾಗಿ, ಹುಟ್ಟಿದ ವಾರದಲ್ಲಿ ಅವನ ಅಂಗೈಯಲ್ಲಿ ಇತ್ತಲ್ಲ, ಹಾಗೇ. ಗಾಜಿಗೆ ತಗುಲಿಸಿದ ಫೋನಿನಲ್ಲಿ ಅವಳ ದನಿ, ಹಳೇ ರಕ್ತ ಎಲ್ಲ ಖಾಲಿ ಮಾಡ್ಸಿದಾರೆ ಮಾಮ, ಮನೆ ಗುಡಿಸಿ ಇಟ್ಕೊಂಡು ಬಾಡಿಗೆಯವ್ರಿಗೆ ಕಾಯ್ತಾ ಇದ್ದೀನಿ. ಡಾಕ್ಟರು ಹೇಳಿದ್ದೂ ಅದನ್ನೇ, ನಗು ಇಲ್ಲದೆ, ಮೂಳೆಯೊಳಗೆ ರಕ್ತ ಹುಟ್ಟುವ ಜಾಗವನ್ನೇ ಔಷಧಿಯಿಂದ ಸುಟ್ಟಿದ್ದೇವೆ, ಇನ್ನು ಹಿಂದಕ್ಕೆ ದಾರಿಯಿಲ್ಲ, ಬೇರೆಯವರ ಜೀವಕೋಶ ಬಂದು ಒಳಗೆ ಬೇರೂರಬೇಕು, ಅಲ್ಲಿವರೆಗೆ ಒಂದು ನೆಗಡಿಯನ್ನೂ ತಡೆಯೋ ಶಕ್ತಿ ಅವಳಿಗಿಲ್ಲ. ಎಷ್ಟು ದೇಶ ಹುಡುಕಿ ಅದನ್ನು ಕೊಡುವವಳು ಒಬ್ಬಳು ಸಿಕ್ಕಿದ್ದಳು, ಹೆಣ್ಣು, ಇವಳಿಗಿಂತ ದೊಡ್ಡವಳು, ಅದಕ್ಕಿಂತ ಹೆಚ್ಚು ಹೇಳುವಂತಿಲ್ಲ, ಪುಟ್ಟಿ ಅವಳಿಗೆ ಅಕ್ಕ ಅಂತ ಹೆಸರಿಟ್ಟಳು, ನಂಗೂ ಒಬ್ಳು ಅಕ್ಕ ಸಿಕ್ಕಳು ಮಾಮ, ಇಷ್ಟು ತಡವಾಗಿ ಹುಟ್ಟಿಸಿದ್ದಕ್ಕೆ ಅಮ್ಮನ್ನ ಬೈಬೇಕು. ನಿನ್ನೆ ಸಂಜೆಯಿಂದ ಜ್ವರ. ಎಷ್ಟು ಅಂತ ಕೇಳಿದರೆ ಭಾವ ಹೇಳುವುದಿಲ್ಲ, ಇದೆ ಸ್ವಲ್ಪ, ನೀನು ಅಲ್ಲಿ ಕೆಲಸ ನೋಡು ಅನ್ನುತ್ತಾರೆ, ಭಾವನಿಗೆ ಸುಳ್ಳು ಹೇಳಲು ಬರುವುದಿಲ್ಲ, ಅದಕ್ಕೇ ಮಾತು ಗಿಡ್ಡ ಮಾಡುತ್ತಾರೆ.

ಬಂತು. ಈ ಸಲ ಸದ್ದೇ ಇಲ್ಲದೆ, ಒಬ್ಬ ಕೈಯಲ್ಲೇ ಹಿಡಿದು ತಂದ, ನೀಲಿ ಪೆಟ್ಟಿಗೆ, ಟಿಫಿನ್ ಕ್ಯಾರಿಯರ್‌ಗಿಂತ ಸ್ವಲ್ಪ ದೊಡ್ಡದು ಅಷ್ಟೆ, ಇಷ್ಟೇನಾ, ಕೋಳಿಮರಿಗೂ ಇದಕ್ಕಿಂತ ದೊಡ್ಡ ಪೆಟ್ಟಿಗೆ ಬರುತ್ತದೆ. ಕಿಟಕಿಯ ಆಚೆ ಹೊಸ ಆಫೀಸರು. ಹಳೆಯ ಸೂಪರಿಂಟೆಂಡೆಂಟರ ಹತ್ತಿರ ಎಲ್ಲ ಮೊದಲೇ ಮಾತಾಡಿ, ಕಾಗದದ ಪ್ರತಿ ಕೊಟ್ಟು, ನೀನು ಬಾ, ನಾನಿದ್ದೀನಲ್ಲ ಅನ್ನಿಸಿಕೊಂಡಿದ್ದ, ಆದರೆ ಅವರ ಡ್ಯೂಟಿ ನಿನ್ನೆಗೇ ಮುಗಿದಿತ್ತು, ಇವತ್ತು ಇವಳು, ಚಿಕ್ಕವಯಸ್ಸು, ಕನ್ನಡಕದ ಹಿಂದೆ ನಿದ್ದೆಯಿಲ್ಲದ ಕಣ್ಣು. ಸರ್, ಆರೋಗ್ಯ ಇಲಾಖೆ ಪತ್ರದಲ್ಲಿ ರಕ್ತ ಅಂತಿದೆ, ಪೆಟ್ಟಿಗೆ ಮೇಲೆ ಜೀವಕೋಶ ಅಂತಿದೆ, ಎರಡೂ ಒಂದೇನಾ? ಒಂದೇ ಮೇಡಂ. ಒಂದೇ ಅಂತ ಎಲ್ಲಾದ್ರೂ ಬರೆದಿದೆಯಾ? ಬರೆದಿರಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ ಅಂತ ಶೆಡ್ಡಿನ ಗೋಡೆಗೆ ಒರಗಿ ಎಷ್ಟು ಸಲ ನಕ್ಕಿದ್ದಾನೆ ಅವನು, ಮೀನಿನವನನ್ನು ಸಮಾಧಾನ ಮಾಡಲು, ಹೂವಿನವನನ್ನು ಸಮಾಧಾನ ಮಾಡಲು, ಅವತ್ತೆಲ್ಲ ಅದು ಬರೀ ಗಾದೆ. ಮತ್ತೆ ಎಕ್ಸ್‌ರೇಗೆ ಹಾಕ್ಬೇಕಲ್ಲ ಸರ್. ಹಾಕೋ ಹಾಗಿಲ್ಲ ಮೇಡಂ, ನೋಡಿ ಇಲ್ಲಿ, ಕೆಂಪಕ್ಷರದಲ್ಲಿ ಬರೆದಿದ್ದಾರೆ, ಒಳಗಿರೋದು ಜೀವಂತ ಇದೆ, ಕಿರಣ ಬಿದ್ರೆ ಕೆಡುತ್ತೆ. ಎಕ್ಸ್‌ರೇ ಬೇಡ ಅಂತ ಯಾರು ಬೇಕಾದ್ರೂ ಚೀಟಿ ಅಂಟಿಸ್ಬಹುದು ಸರ್, ನಾನು ತಪ್ಪು ಹೇಳ್ತಿದ್ದೀನಾ? ತಪ್ಪಲ್ಲ, ಅವಳು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿಲ್ಲ, ಅದೇ ಕಷ್ಟ. ದೊಡ್ಡ ಸಾಹೇಬರಿಗೆ ಫೋನ್ ಮಾಡಿದಳು, ಸಾಹೇಬರು ಮೀಟಿಂಗಿನಲ್ಲಿ, ಮತ್ತೆ ಮಾಡಿದಳು, ಮೀಟಿಂಗಿನಲ್ಲಿ, ರಿಸೀವರು ಕಿವಿಗಿಟ್ಟುಕೊಂಡೇ ಕಾದಳು, ಬೆರಳಿಗೆ ಸುತ್ತಿದ ಫೋನಿನ ತಂತಿ, ಬಿಚ್ಚುತ್ತಾಳೆ, ಸುತ್ತುತ್ತಾಳೆ, ಹೆದರಿದ್ದಾಳೆ ಪಾಪ, ನಾಳೆ ಏನಾದರೂ ಆದರೆ ಈ ಸಹಿ ಅವಳ ಕುತ್ತಿಗೆಗೆ, ಅವಳ ಜಾಗದಲ್ಲಿ ಅವನಿದ್ದರೂ ಇದನ್ನೇ — ಮಾಡುತ್ತಿದ್ದನೇ?

ಪೆಟ್ಟಿಗೆಯ ಮುಚ್ಚಳದ ಮೇಲೆ ಉಗುರಿನಷ್ಟು ಗಾಜು, ಅದರೊಳಗೆ ಒಂದು ಹಸಿರು ಚುಕ್ಕೆ ಮಿಟುಕುತ್ತಿದೆ, ತಂಪು ಸರಿಯಾಗಿದ್ದರೆ ಹಸಿರು, ಏರಿದರೆ ಕೆಂಪು, ಲಸಿಕೆಯ ಪೆಟ್ಟಿಗೆಗಳಲ್ಲಿ ನೋಡಿ ನೋಡಿ ಬಲ್ಲ. ಹಸಿರು. ಇದುವರೆಗೆ ಅವನು ಬಾಯಿ ಬಿಟ್ಟಿರಲಿಲ್ಲ, ಏಜೆಂಟನಾದವನು ಸ್ವಂತದ್ದು ಅನ್ನಬಾರದು, ಸ್ವಂತದ್ದು ಅಂದ ಕೂಡಲೇ ಒಳಗೇನೋ ಇದೆ ಅನ್ನುವ ಅನುಮಾನ ಬರುತ್ತದೆ, ಆದರೆ ನಾಲಿಗೆ ತಾನಾಗಿಯೇ ತಿರುಗಿತು. ಮೇಡಂ, ನಮ್ಮಕ್ಕನ ಮಗಳು. ಅವಳು ರಿಸೀವರು ಕೆಳಗಿಟ್ಟಳು. ಎಷ್ಟು ವಯಸ್ಸು? ಓದ್ತಿದ್ದಾಳೆ ಮೇಡಂ, ನಿಮಗಿಂತ ಸ್ವಲ್ಪ ಚಿಕ್ಕವಳು. ಅವಳು ಅವನನ್ನು ನೋಡಲಿಲ್ಲ, ಪೆಟ್ಟಿಗೆಯನ್ನು ನೋಡಿದಳು, ಡ್ರಾಯರಿನಿಂದ ಕೈಗವಸು ತೆಗೆದು ಬೆರಳಿಗೆ ಏರಿಸಿದಳು, ಮಷೀನು ಬೇಡ, ಕೈಯಲ್ಲೇ ತೆರೆದು ನೋಡ್ತೀನಿ, ಅಷ್ಟರಲ್ಲಿ ನೀವು ಮುಚ್ಚಳಿಕೆ ಬರೀರಿ. ತೆರೆದಳು. ಮಂಜಿನಂಥ ಹೊಗೆ, ಒಳಗೆ ಒಂದು ಚೀಲ, ಅಂಗೈಯಗಲ, ತೆಳು ಕೆಂಪು, ಟೊಮೆಟೊ ತೊಳೆದ ನೀರಿನ ಹಾಗೆ, ಅಷ್ಟೆ, ಅಷ್ಟಕ್ಕೇ ಒಬ್ಬಳು ಹುಡುಗಿ ಮನೆ ಗುಡಿಸಿಕೊಂಡು ಕೂತಿದ್ದಾಳೆ. ಅವನು ಬರೆಯುತ್ತಿದ್ದ, ಈ ಮಾಲನ್ನು ಇಂಥ ಆಸ್ಪತ್ರೆಯ ಇಂಥ ರೋಗಿಗೆ ಬಳಸಿದ ದಾಖಲೆಯನ್ನು ಗಡುವಿನೊಳಗೆ ಹಾಜರುಪಡಿಸುತ್ತೇನೆಂದು ಈ ಮೂಲಕ, ಇದೇ ವಾಕ್ಯವನ್ನು ಜೀವಮಾನವಿಡೀ ಬರೆದಿದ್ದಾನೆ, ಕೈ ತಾನೇ ಬರೆಯುತ್ತದೆ, ಇವತ್ತು ರೋಗಿಯ ಹೆಸರಿನ ಹತ್ತಿರ ಪೆನ್ನು ಹಾಳೆಯನ್ನು ಹರಿಯಿತು, ಅವಳ ಪೂರ್ತಿ ಹೆಸರು ಬರೆದು ಎಷ್ಟು ವರ್ಷ, ಶಾಲೆಗೆ ಸೇರಿಸುವಾಗ ಬರೆದಿದ್ದನಲ್ಲವೇ. ಠಪ್ಪೆಂದು ಮೊಹರು. ಓಡಿ ಸರ್, ಅಂದಳು ಅವಳು, ಕನ್ನಡಕ ತೆಗೆದು ಒರೆಸಿಕೊಳ್ಳುತ್ತ, ಓಡಿ.

ಓಡಿದ. ಗೇಟಿನಲ್ಲಿ ಒಪ್ಪಿಸಿದ್ದ ಫೋನು ಕಸಿದುಕೊಂಡು ಜೇಬಿಗೆ ತುರುಕಿದ, ಒಳಗೆ ಫೋನು ಬಿಡುವುದಿಲ್ಲ, ಆಂಬ್ಯುಲೆನ್ಸಿನ ಡ್ರೈವರು ಎಂಜಿನ್ ನಿಲ್ಲಿಸಿಯೇ ಇರಲಿಲ್ಲ, ಹತ್ತಿ ಅಣ್ಣ, ಮುಂದೇನೇ ಕೂತ್ಕೊಳ್ಳಿ, ಸೈರನ್ ಕೂಗಿತು, ಲಾರಿಗಳು ಪಕ್ಕಕ್ಕೆ ಸರಿದವು, ಪೆಟ್ಟಿಗೆ ತೊಡೆಯ ಮೇಲೆ, ಎರಡೂ ಕೈ ಅದರ ಸುತ್ತ, ಗೆದ್ದೆ ಅನ್ನಿಸಿಬಿಟ್ಟಿತು ಒಂದು ಗಳಿಗೆ, ಹೌದು, ಅನ್ನಿಸಿತು, ಸುಳ್ಳು ಯಾಕೆ. ಭಾವನ ನಂಬರು. ಭಾವ, ಬಿಡಿಸ್ಕೊಂಡೆ, ಬರ್ತಾ ಇದ್ದೀನಿ, ಮೇಲೆ ಎಲ್ಲ ರೆಡಿ ಇರ್ಲಿ ಅಂತ ಡಾಕ್ಟರಿಗೆ — ನಿಧಾನಕ್ಕೆ ಬಾರಪ್ಪ. — ಏನು ಭಾವ, ಸೈರನ್, ಕೇಳಿಸ್ತಿಲ್ಲ. — ನಿಧಾನಕ್ಕೆ ಬಾ ಅಂದೆ. ಜ್ವರ ಒಮ್ಮೆಲೆ ಏರಿಬಿಡ್ತು. ನಿನಗೆ ಮಾಡ್ದೆ, ಫೋನ್ ಎತ್ತಲಿಲ್ಲ ನೀನು. ನಿಮ್ಮಕ್ಕ ಇಲ್ಲೇ ಕೂತಿದ್ದಾಳೆ, ಮಾತಾಡ್ತಿಲ್ಲ. ನೀನು ಹುಷಾರಾಗಿ ಬಾ. ಆಮೇಲೆ ಫೋನಿನಲ್ಲಿ ಯಾವುದೋ ಬಾಗಿಲು ತೆರೆದುಕೊಂಡ ಸದ್ದು, ಯಾರದೋ ಚಪ್ಪಲಿ.

ಡ್ರೈವರು ಅವನ ಮುಖ ನೋಡಿದ, ಕೈ ಚಾಚಿ ಸೈರನ್ ಆರಿಸಿದ, ಪಕ್ಕಕ್ಕೆ ಸರಿದಿದ್ದ ಲಾರಿಗಳು ಮತ್ತೆ ಮುಂದೆ ಬಂದು ನಿಂತವು. ಯಾವಾಗ ನಿಂತಿತು ಪುಟ್ಟಿಯ ಉಸಿರು, ಹೂವು ಹೋಗುವಾಗಲೋ, ಆ ಆಫೀಸರು ತಂತಿ ಸುತ್ತುವಾಗಲೋ, ಅವನು ಹೆಸರು ಬರೆಯುವಾಗಲೋ, ಗೊತ್ತಾದರೆ ಆ ಗಳಿಗೆಯ ಕತ್ತು ಹಿಡಿಯಬಹುದಿತ್ತು, ಹಿಡಿದು ಏನು ಮಾಡುವುದು, ಯಾರನ್ನು ಬೈಯುವುದು, ಮಂಜನ್ನೇ, ಆ ಕನ್ನಡಕದ ಹುಡುಗಿಯನ್ನೇ, ಅವಳು ಓಡಿ ಅಂದಳು, ಪಾಪ, ಇನ್ನೂ ಕಿಟಕಿಯಲ್ಲಿ ಕೂತು ಒಂದು ಒಳ್ಳೆಯ ಕೆಲಸ ಮಾಡಿದೆನೆಂದುಕೊಂಡಿರುತ್ತಾಳೆ, ಅವಳಿಗೆ ಹೋಗಿ ಹೇಳಬೇಕು, ಹೇಳಲೇಬೇಕು, ಮುಚ್ಚಳಿಕೆ ಬರೆದಾಗಿದೆ, ಬಳಸಿದ ದಾಖಲೆ ತರುತ್ತೇನೆಂದು, ಬಳಸಲಿಲ್ಲ ಅಂತ ಬರೆಯಲು ಜಾಗ ಇದೆಯೇ ಆ ಹಾಳೆಯಲ್ಲಿ, ಇಲ್ಲ, ನೆನಪಿಲ್ಲ, ಇದುವರೆಗೆ ಬೇಕಾಗಿರಲಿಲ್ಲ. ಅಲ್ಲೆಲ್ಲೋ ಒಬ್ಬಳು ಹೆಣ್ಣು ಸೂಜಿ ಚುಚ್ಚಿ ತೆಗೆದ ಸೊಂಟದ ನೋವಿಗೆ ಮಗ್ಗುಲು ಬದಲಾಯಿಸುತ್ತ, ಇಷ್ಟು ಹೊತ್ತಿಗೆ ತಲುಪಿರಬೇಕು ಅಂದುಕೊಳ್ಳುತ್ತಿರುತ್ತಾಳೆ, ಪುಟ್ಟಿಯ ಆ ಅಕ್ಕನಿಗೆ ಯಾರು ಹೇಳುತ್ತಾರೆ, ಇದೋ ಇಲ್ಲೇ ತೊಡೆಯ ಮೇಲೆ ಅವಳದು ಬದುಕಿದೆ, ಒಂದೂ ಕೆಟ್ಟಿಲ್ಲ, ಮಂಜು ದಾಟಿ ಕಿಟಕಿ ದಾಟಿ ಬದುಕಿಯೇ ಬಂದಿದೆ, ಯಾರ ಮನೆಗೆ ಅಂತ ಕೇಳಿದರೆ ಏನು ಹೇಳಲಿ, ನಮ್ಮಕ್ಕ ಕೇಳಿದರೆ, ಅಕ್ಕ ಕೇಳುವುದಿಲ್ಲ, ಮಾತಾಡ್ತಿಲ್ಲ ಅಂದರಲ್ಲ ಭಾವ, ಬಾಗಿಲಲ್ಲಿ ನಿಂತು ಇದನ್ನು ಹಿಡಿದುಕೊಂಡೇ, ಎಲ್ಲಿ ಇಡಲಿ ಇದನ್ನು, ಎಲ್ಲಿ — ಮುಚ್ಚಳದ ಗಾಜಿನಲ್ಲಿ ಹಸಿರು ಚುಕ್ಕೆ ಮಿಟುಕಿತು, ತಂಪು ಸರಿಯಾಗಿದೆ, ಎಲ್ಲ ಸರಿಯಾಗಿದೆ, ಅವನು ಅದರ ಮೇಲೆ ಹೆಬ್ಬೆರಳು ಒತ್ತಿ ಹಿಡಿದ, ಉಗುರಿನ ಅಂಚಿನಿಂದ ಹಸಿರು, ತೆಗೆದ, ಹಸಿರು, ಒಳಗೆಲ್ಲ ಸರಿಯಾಗಿ, ಹಸಿರು —