ಸಿದ್ದಲಿಂಗವ್ವನ ಕೆನ್ನೆಯೊಳಗಿನ ಕೋಟೆ

ಸಿದ್ದಲಿಂಗವ್ವ ದಿನದಲ್ಲಿ ಬಾಯಿ ಮುಚ್ಚಿ ಕೂರುವುದು ಒಂದೇ ಹೊತ್ತಿನಲ್ಲಿ, ಮುಂಜಾನೆ ಮಿಶ್ರಿ ತಿಕ್ಕುವಾಗ. ತಂಬಾಕನ್ನು ಹಂಚಿನ ಮೇಲೆ ಕರ್ರಗೆ ಹುರಿದು ಅರೆದ ಆ ಪುಡಿಯನ್ನು ಬೆರಳಿಗೆ ಹಚ್ಚಿಕೊಂಡು, ಹಲ್ಲಿಗೂ ವಸಡಿಗೂ ಉಜ್ಜುತ್ತ ಆಕೆ ಕಟ್ಟೆಯ ಈ ತುದಿಗೆ ಕೂತರೆ ಎದುರು ಮನೆಯ ಬೇಗಂಬಿ ತನ್ನ ಡಬ್ಬಿ ಹಿಡಿದು ಬಂದು ಆ ತುದಿಗೆ ಕೂರುತ್ತಿದ್ದಳು. ಬಾಯಿ ತೆರೆದರೆ ಕರಿ ಜೊಲ್ಲು ಸೀರೆಯ ಮೇಲೆ. ಹಾಗಾಗಿ ಊರಿನ ಸುದ್ದಿಯೆಲ್ಲ ಹುಬ್ಬಿನಲ್ಲಿ, ಕೈಸನ್ನೆಯಲ್ಲಿ, ಒಂದು ‘ಹೂಂ’ನಲ್ಲಿ ನಡೆಯುತ್ತಿತ್ತು. ಮೂವತ್ತು ವರ್ಷದ ಗೆಳೆತನ ಅದು. ಉಗುಳಿ ಬಾಯಿ ಮುಕ್ಕಳಿಸಿದ ಮೇಲೆ ಸಿದ್ದಲಿಂಗವ್ವನ ದನಿ ಎದ್ದಿತೆಂದರೆ ಬೈಲಹೊಂಗಲದ ಆ ಓಣಿಗೆ ಮತ್ತೆ ಸಮಾಧಾನವಿಲ್ಲ.

ಸೊಸೆ ಅನ್ನಪೂರ್ಣಾ ತದ್ವಿರುದ್ಧ. ಕಿತ್ತೂರಿನ ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸಿ, ಸಂಜೆಯ ಬಸ್ಸಿಗೆ ಬಂದು, ಒಲೆಯ ಮುಂದೆ ಕೂತರೆ ಆಕೆಯ ಬಾಯಿಂದ ಹತ್ತು ಮಾತು ಬಂದರೆ ಹೆಚ್ಚು. “ನಮ್ಮ ಸೊಸಿ ಪಾಠಾ ಹ್ಯಾಂಗ ಮಾಡತಾಳೋ ಏನೋ! ಹುಡುಗರ ಮುಂದ ಸುಮ್ನ ನಿಂತ ಪಗಾರ ತಗೊಂಡ ಬರತಾಳನ?” ಎಂದು ಅತ್ತೆ ಬೇಗಂಬಿಗೆ ಕೇಳುವಳು. ಅನ್ನಪೂರ್ಣಾ ನಗುವಳು, ಅಷ್ಟೇ. ಮನೆಯಲ್ಲಿ ಒಬ್ಬರ ಮಾತು ತುಂಬಿರುವಾಗ ಇನ್ನೊಬ್ಬರ ಮಾತಿಗೆ ಜಾಗ ಎಲ್ಲಿದೆ ಎಂದು ಆಕೆಗೆ ಅನಿಸುತ್ತಿತ್ತು.

ಎರಡು ಸಾವಿರದ ಆರರ ಚಳಿಗಾಲ. ಅನ್ನಪೂರ್ಣಾಳ ಗಂಡ ನಿಜಗುಣಪ್ಪ ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಯಲ್ಲಿ; ಕಬ್ಬು ಅರೆಯುವ ದಿನಗಳಲ್ಲಿ ಮನೆಯ ಹಾದಿ ಮರೆತವನು. ಒಂದು ಮುಂಜಾನೆ, ಬಾಯಿ ಮುಕ್ಕಳಿಸಿದ ಮೇಲೆ, ಬೇಗಂಬಿ ಏನೋ ಹೇಳಿದ್ದಕ್ಕೆ ಸಿದ್ದಲಿಂಗವ್ವ ತಲೆ ಹಿಂದಕ್ಕೆ ಹಾಕಿ ಗಹಗಹಿಸಿದಳು. ಬಿಸಿಲು ನೇರ ಬಾಯೊಳಗೆ ಬಿತ್ತು. ಎಡಗೆನ್ನೆಯ ಒಳಗೆ ಸುಣ್ಣ ಬಳಿದಂಥ ಬಿಳಿ ಮಚ್ಚೆಯೊಂದನ್ನು ಅನ್ನಪೂರ್ಣಾ ಕಂಡಳು. ಆಕೆಯ ಕೈಯಲ್ಲಿದ್ದ ಕಸಬರಿಗೆ ಅಲ್ಲೇ ನಿಂತಿತು.

ಬೆಳಗಾವಿಯ ಡಾಕ್ಟರು ಮಚ್ಚೆಯಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ವರದಿ ಬಂದ ದಿನ ಅತ್ತೆಯನ್ನು ಹೊರಗೆ ಕೂರಿಸಿ ಅನ್ನಪೂರ್ಣಾಳಿಗೆ ಹೇಳಿದರು: “ಕ್ಯಾನ್ಸರ್ ಅಲ್ಲ. ಆದರ ಅದರ ಹಾದಿಗೆ ಹತ್ತೇತಿ. ತಂಬಾಕ ಬಿಟ್ಟರ ಆ ಹಾದಿಯಿಂದ ಹೊಳ್ಳಿ ಬರೂದು ಸಾಧ್ಯ ಐತಿ. ಬಿಡಲಿಲ್ಲಂದ್ರ ಕೆನ್ನಿ ಕತ್ತರಿಸೂ ದಿನಾ ಬರತೈತಿ. ಮಳಿಗಾಲದಾಗ ಮತ್ತ ಕರಕೊಂಡ ಬರ್ರಿ, ನೋಡೂಣು.”

ಸಿದ್ದಲಿಂಗವ್ವ ಮನೆಗೆ ಬಂದವಳೇ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಅರ್ಧ ಕೇಳಿಸಿಕೊಂಡಿದ್ದಳು, ಉಳಿದರ್ಧವನ್ನು ತಾನೇ ತುಂಬಿಕೊಂಡಿದ್ದಳು. ತನ್ನ ಇಳಕಲ್ ಸೀರೆ ಯಾರಿಗೆ, ಬುಗುಡಿ ಯಾರಿಗೆ ಎಂದು ಮಾತ್ರ ಆಗಾಗ ಹೇಳುತ್ತಿದ್ದಳು. ಓಣಿಗೆ ಬೇಕಾಗಿದ್ದ ಶಾಂತಿ ಸಿಕ್ಕಿತ್ತು. ಯಾರಿಗೂ ಅದು ಹಿಡಿಸಲಿಲ್ಲ.

ಅನ್ನಪೂರ್ಣಾ ಧಾರವಾಡಕ್ಕೆ ಹೋಗಿ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಹೊಸ ವಿಜ್ಞಾನ ಪತ್ರಿಕೆಗಳನ್ನು ಹರವಿಕೊಂಡು ಕೂತಳು. ಕಳೆದ ವರ್ಷವಷ್ಟೇ ಬಂದ ಲೇಖನಗಳು. ಓದುತ್ತ ಓದುತ್ತ ಬೆನ್ನು ನೇರವಾಯಿತು. ಕ್ಯಾನ್ಸರ್ ತರುವ ಜೀನೊಂದು ಜೀವಕೋಶದೊಳಗೆ ಎಚ್ಚೆತ್ತು ‘ಬೆಳೆ, ಒಡೆ, ಇನ್ನೂ ಬೆಳೆ’ ಎಂದು ಬೊಬ್ಬೆ ಹಾಕಿದಾಗ ಕೋಶ ಒಮ್ಮೆಲೇ ಅದಕ್ಕೆ ಶರಣಾಗುವುದಿಲ್ಲ. ಆ ಬೊಬ್ಬೆಯ ಅತಿಯಲ್ಲೇ ಅದಕ್ಕೆ ಸಂಶಯ ಹುಟ್ಟುತ್ತದೆ. ಒಳಗಿನ ಎಚ್ಚರಿಕೆಯ ಗಂಟೆಗಳು ಮೊಳಗುತ್ತವೆ, ಒಡೆದು ಎರಡಾಗುವ ಕೆಲಸವನ್ನು ಕೋಶ ತಾನೇ ನಿಲ್ಲಿಸಿಬಿಡುತ್ತದೆ. ಸಾಯುವುದಿಲ್ಲ. ಉಣ್ಣುತ್ತದೆ, ಉಸಿರಾಡುತ್ತದೆ, ಆದರೆ ಇನ್ನು ಒಡೆಯುವುದಿಲ್ಲ. ಮಚ್ಚೆಯ ಹಂತದಲ್ಲೇ ಎಷ್ಟೋ ಜನರ ದೇಹ ಹೀಗೆ ರೋಗವನ್ನು ತಡೆದು ನಿಲ್ಲಿಸಿರುತ್ತದೆ, ಅವರಿಗೆ ಗೊತ್ತೇ ಆಗದಂತೆ.

ವಾಪಸು ಬರುವಾಗ ಬಸ್ಸಿನ ಕಿಟಕಿಗೆ ತಲೆಯಾನಿಸಿ ಆಕೆ ಅದನ್ನೇ ಯೋಚಿಸಿದಳು. ಇಷ್ಟು ದಿನ ತನ್ನ ಸುಮ್ಮನಿರುವಿಕೆಯನ್ನು ಸೋಲೆಂದೇ ತಿಳಿದಿದ್ದಳು. ಒಂದು ಕೋಶ ಸುಮ್ಮನಾಗಿ ಇಡೀ ಮೈಯನ್ನು ಉಳಿಸುವುದಾದರೆ, ಸುಮ್ಮನಿರುವುದಕ್ಕೂ ಒಂದು ಗಟ್ಟಿತನ ಇದ್ದಿರಬೇಕು.

ಸಂಜೆ ತೊಗರಿಬೇಳೆ ಹಸನು ಮಾಡುತ್ತ ಅತ್ತೆಗೆ ಹೇಳಿದಳು. “ಅತ್ತಿ, ಗ್ವಾಡಿ ಬಿಟ್ಟ ಈ ಕಡೆ ಹೊಳ್ಳರಿ. ನಿಮಗ ಕ್ಯಾನ್ಸರ್ ಆಗಿಲ್ಲ. ರೋಗ ಬಾಗಲಾ ಬಡದೈತಿ, ನಿಮ್ಮ ಕೆನ್ನಿಯೊಳಗಿನ ಜೀವಕೋಶ ಬಾಗಲಾ ಹಾಕ್ಕೊಂಡ ಕಾವಲ ಕುಂತಾವ. ಒಂದೂ ಅದರ ಮಾತ ಕೇಳವಲ್ಲವು.”

ಸಿದ್ದಲಿಂಗವ್ವ ಮೆಲ್ಲಗೆ ಹೊರಳಿದಳು. “ನನ್ನ ಕೆನ್ನ್ಯಾಗ?”

“ಹೂಂ ರಿ.”

“ಯಾರೂ ಹೇಳದ, ತಾವ ಕುಂತಾವ?”

“ತಾವ ಕುಂತಾವ.”

ಸಿದ್ದಲಿಂಗವ್ವ ಎದ್ದು ಕೂತಳು. ಸೆರಗು ಸರಿಮಾಡಿಕೊಂಡಳು. “ನೋಡ ಮತ್ತ! ನಾ ಹುಟ್ಟಿದ್ದು ಕಿತ್ತೂರ ಮಣ್ಣಾಗ. ನನ್ನ ಒಳಗಿನವೂ ಕಿತ್ತೂರವ ಇರತಾವ.” ಅಂದು ಎರಡು ರೊಟ್ಟಿ ಹೆಚ್ಚು ತಿಂದಳು.

ಅನ್ನಪೂರ್ಣಾ ಗೆದ್ದೆನೆಂದುಕೊಂಡಳು. ಮಿಶ್ರಿಯ ಮಾತನ್ನು ನಾಳೆ ಎತ್ತಿದರಾಯಿತು ಎಂದುಕೊಂಡಳು. ಮರುದಿನ ಮುಂಜಾನೆ ಕಟ್ಟೆಗೆ ಬಂದು ನೋಡಿದರೆ, ಅತ್ತೆ ದೊಡ್ಡ ಚಿಟಿಕೆ ಮಿಶ್ರಿ ತೆಗೆದುಕೊಂಡು ಸರಿಯಾಗಿ ಆ ಬಿಳಿ ಮಚ್ಚೆಯ ಮೇಲೆಯೇ ಒತ್ತುತ್ತಿದ್ದಳು!

“ಅತ್ತೀ, ಏನ ಮಾಡಾಕತ್ತೀರಿ?”

ಸಿದ್ದಲಿಂಗವ್ವ ಕೈಯೆತ್ತಿ ತಡೆ ಎಂದಳು. ನಿಧಾನವಾಗಿ ಗಟಾರಕ್ಕೆ ಉಗುಳಿದಳು. “ಮಂದಿ ಕಾವಲ ಕುಂತೈತಿ ಅಂತ ನೀನ ಹೇಳಿದಿಲ್ಲ? ಕಾವಲ ಕುಂತವರಿಗೆ ಹೊಟ್ಟಿಗಿ ಹಾಕಬ್ಯಾಡನ? ಹಲ್ಲ ನೋವಾದ್ರ ಮಿಶ್ರಿ, ವಸಡ ಬಾತರ ಮಿಶ್ರಿ. ಔಷಧ ಅದು. ನಮ್ಮವ್ವನ ಕಾಲದಿಂದ ನಡದ ಬಂದದ್ದು.”

ಬೇಗಂಬಿ ಆ ತುದಿಯಿಂದ ತುಂಬಿದ ಬಾಯಲ್ಲೇ ‘ಹೂಂ’ ಅಂದಳು.

ಅನ್ನಪೂರ್ಣಾ ಅತ್ತೆಯ ಬಾಯೊಳಗೆ ಬಗ್ಗಿ ನೋಡಿದಳು. ಮಚ್ಚೆ ಅಂಚಿನಲ್ಲಿ ಕೆಂಪಗೆ ಒರಟಾಗಿದ್ದು ಬಿಸಿಲಿಗೆ ಕಾಣುತ್ತಿತ್ತು. ಆ ಕಾವಲು ಎಂದೆಂದಿಗೂ ಇರುವಂಥದ್ದಲ್ಲ. ಪೆಟ್ಟಿನ ಮೇಲೆ ಪೆಟ್ಟು ಬಿದ್ದು ಕಾಯುವ ಜೀನುಗಳೇ ಕೆಟ್ಟರೆ, ಸುಮ್ಮನಿದ್ದ ಕೋಶ ಮತ್ತೆ ಒಡೆಯಲು ಶುರುಮಾಡುತ್ತದೆ. ಇದನ್ನು ಹೇಳುವುದು ಹೇಗೆ? ಪಾಠದ ಮಾತು ಇಲ್ಲಿ ನಡೆಯುವಂಥದ್ದಲ್ಲ. ಆಕೆ ಅತ್ತೆಯ ಬೆರಳ ತುದಿಯ ಕರಿ ಪುಡಿಯನ್ನು ನೋಡಿದಳು. ನೋಡುತ್ತಲೇ ಇದ್ದಳು. ಆಮೇಲೆ ಓಣಿಗೆಲ್ಲ ಕೇಳುವಂತೆ ಕೇಳಿದಳು:

“ಕಿತ್ತೂರ ಕೋಟಿಯೊಳಗ ತೋಪಿನ ಮದ್ದಿಗೆ ದನದ ಹೆಂಡಿ ಕಲಿಸಿದ್ರು ಅಂತ ಹೇಳತಾರಲ್ಲರಿ ಅತ್ತಿ, ಅವರ ಯಾರ?”

ಸಿದ್ದಲಿಂಗವ್ವನ ಮುಖ ಕಪ್ಪಿಟ್ಟಿತು. ಆಕೆಯ ತಂದೆ ಡಪ್ಪು ಹಿಡಿದು ಲಾವಣಿ ಹಾಡಿದವನು. ಆ ಕತೆ ಹೇಳುವಾಗ ಪ್ರತಿ ಸಲ ಅತ್ತವನು. “ಮುಂಜಾನೆದ್ದ ಆ ಹರಾಮಖೋರರ ಸುದ್ದಿ ಯಾಕ ತಗದಿ? ಹೊರಗಿನವರಿಂದ ಬಿದ್ದಿಲ್ಲ ನಮ್ಮ ಕೋಟಿ. ಒಳಗಿನವರ ಹೆಂಡಿ ಕಲಿಸಿದ್ರು, ತೋಪ ಹಾರಲಿಲ್ಲ.”

“ನಿಮ್ಮ ಕೆನ್ನಿಯೊಳಗ ಮಂದಿ ಜೀವಾ ಒತ್ತಿ ಇಟ್ಟ ಕಾದಾಡಾಕತ್ತೈತಿ. ನೀವು ದಿನಾ ಮುಂಜಾನಿ ಅವರ ಮದ್ದಿಗೆ ಹೆಂಡಿ ಕಲಿಸಾಕತ್ತೀರಿ. ನಿಮ್ಮ ಕೈಯಿಂದ. ನಿಮ್ಮ ಬೆರಳಿಂದ.”

ಬೇಗಂಬಿ ತಿಕ್ಕುವುದನ್ನು ನಿಲ್ಲಿಸಿದಳು. ಸಿದ್ದಲಿಂಗವ್ವ ತನ್ನ ಬೆರಳನ್ನು ತಾನೇ ಮೊದಲ ಸಲ ಕಂಡವಳಂತೆ ದಿಟ್ಟಿಸಿದಳು. ಎದ್ದು ಒಳಗೆ ಹೋಗಿ, ಬೂದಿ ಹಚ್ಚಿ ಬೆರಳು ಕೆಂಪಾಗುವಷ್ಟು ತಿಕ್ಕಿ ತೊಳೆದಳು.

ಬಿಡುವುದು ಸುಲಭವಿರಲಿಲ್ಲ. ತಲೆ ಸಿಡಿಯುತ್ತದೆಂದಳು. ಬಾಯಿ ನೀರೂರಿ ನೀರೂರಿ ಸಿಟ್ಟಾಗುತ್ತದೆಂದಳು. “ಹೊಟ್ಟಿ ಕಟ್ಟಿ ಕಲ್ಲಾಗೇತಿ, ಇದಕ್ಕ ನಿನ್ನ ಪುಸ್ತಕದಾಗ ಏನ ಬರದಾರ?” ಎಂದು ಸೊಸೆಯ ಮೇಲೆ ರೇಗಿದಳು. ಬಿಸಿನೀರು ಕೊಟ್ಟರೆ ಅದನ್ನೂ ಬೈದು ಕುಡಿದಳು. ಇವೆಲ್ಲ ಸಹಿಸುವಂಥವೇ. ಆದರೆ ಮುಂಜಾನೆಯಾದರೆ ಆಕೆ ಕಟ್ಟೆಗೆ ಹೋಗದೆ ಒಳಗಿನ ಕಂಬಕ್ಕೆ ಒರಗಿ ಕೂರುತ್ತಿದ್ದಳು. ಹೊರಗೆ ಬೇಗಂಬಿ ಒಬ್ಬಳೇ ತಿಕ್ಕುವ ಸದ್ದು ಕೇಳಿಸುತ್ತಿತ್ತು. ಅತ್ತೆ ಹಂಬಲಿಸುತ್ತಿರುವುದು ಮಿಶ್ರಿಗಷ್ಟೇ ಅಲ್ಲ ಎಂದು ಅನ್ನಪೂರ್ಣಾಳಿಗೆ ಆಗ ತಿಳಿಯಿತು. ಮೂವತ್ತು ವರ್ಷ ಜತೆಗೆ ಸುಮ್ಮನೆ ಕೂತವರು ಯಾವ ನೆಪವೂ ಇಲ್ಲದೆ ಹೇಗೆ ಕೂರುವುದು?

ಒಂದು ವಾರ ಕಳೆದಿರಬೇಕು. ಬೇಗಂಬಿ ಬಾಗಿಲಲ್ಲಿ ನಿಂತು ಕೂಗಿದಳು. “ಅಕ್ಕಾ, ಹೊರಗ ಬಾ. ನೀ ಇಲ್ಲದ ತಿಕ್ಕಿದರ ಒಲಿ ಬೂದಿ ತಿಕ್ಕಿದಂಗ ಆಗಾಕತ್ತೈತಿ.”

“ನಾ ಬಿಟ್ಟೇನಿ ಬೇಗಂ. ಆಶಾ ಹಚ್ಚಬ್ಯಾಡ.”

“ಯಾವಾಕಿ ಹಚ್ಚತಾಳ?” ಎಂದು ಬೇಗಂಬಿ ತನ್ನ ಡಬ್ಬಿಯನ್ನು ಗಟಾರಕ್ಕೆ ಬೋರಲು ಹಾಕಿದಳು. “ನನ್ನ ಕೆನ್ನ್ಯಾಗಿನವರು ಏನ ಪಾಪಾ ಮಾಡ್ಯಾರ? ಬಾ, ಕುಂಡರೂಣು.”

ಇಬ್ಬರೂ ಕೂತರು, ಕಟ್ಟೆಯ ಈ ತುದಿಗೆ ಒಬ್ಬಳು, ಆ ತುದಿಗೆ ಒಬ್ಬಳು. ಬಾಯಿ ಖಾಲಿ. ಮಾತಾಡಲು ಯಾವ ಅಡ್ಡಿಯೂ ಇರಲಿಲ್ಲ. ಆದರೂ ಬಿಸಿಲು ಕಟ್ಟೆ ಹತ್ತುವವರೆಗೆ ಒಬ್ಬರೂ ತುಟಿ ಬಿಚ್ಚಲಿಲ್ಲ. ಹುಬ್ಬಿನಲ್ಲೇ ನಕ್ಕರು. ಬಸ್ಸಿಗೆ ಹೊತ್ತಾಗಿದ್ದರೂ ಅನ್ನಪೂರ್ಣಾ ಹೊಸ್ತಿಲಲ್ಲೇ ನಿಂತು ನೋಡಿದಳು. ಯಾಕೋ ಕಣ್ಣು ತುಂಬಿ ಬಂತು.

ಬೇಸಗೆ ಹೋಯಿತು. ನವಿಲುತೀರ್ಥದ ಕಡೆ ಮೋಡ ಕಟ್ಟುವ ಹೊತ್ತಿಗೆ ಅತ್ತೆ, ಸೊಸೆ ಮತ್ತೆ ಬೆಳಗಾವಿಗೆ ಹೋದರು. ಡಾಕ್ಟರು ದೀಪ ಹಿಡಿದು ಕೆನ್ನೆ ಹಿಗ್ಗಿಸಿ ನೋಡಿದರು. ಮತ್ತೊಮ್ಮೆ ನೋಡಿದರು.

“ಎಡಕ್ಕೋ ಬಲಕ್ಕೋ ಇದ್ದದ್ದು?” ಎಂದರು ಡಾಕ್ಟರು.

“ಎಡಕ್ಕರಿ.”

“ಹುಡುಕಬೇಕಾಗೇತಿ.” ಅವರು ನಗುತ್ತ ದೀಪ ಆರಿಸಿದರು. ಆದರೂ ಇರಲೆಂದು ಒಂದು ಚೂರು ಪರೀಕ್ಷೆಗೆ ಕಳಿಸಿದರು. ಅದೂ ಸ್ವಚ್ಛವಾಗಿ ಬಂತು. ವರ್ಷಕ್ಕೊಮ್ಮೆ ತೋರಿಸಿದರೆ ಸಾಕು ಎಂದರು.

ಬೈಲಹೊಂಗಲದ ಬಸ್ಸಿನಲ್ಲಿ ಸಿದ್ದಲಿಂಗವ್ವನನ್ನು ಹಿಡಿಯುವವರೇ ಇರಲಿಲ್ಲ. ನೇಸರಗಿ ಬರುವಷ್ಟರಲ್ಲಿ ಕಂಡಕ್ಟರಿಗೂ ಮುಂದಿನ ಮೂರು ಸೀಟಿನವರಿಗೂ ಕತೆ ಮುಗಿದಿತ್ತು. “ನಮ್ಮ ಸೊಸಿ ಜಾಸ್ತಿ ಮಾತಾಡಾಂಗಿಲ್ಲ. ಒಂದ ಮಾತ ಆಡತಾಳ, ತೋಪ ಹೊಡದಂಗ!” ಅನ್ನಪೂರ್ಣಾ ಕಿಟಕಿಯ ಕಡೆ ತಿರುಗಿ ನಕ್ಕಳು, ಈ ಸಲ ಸದ್ದು ಮಾಡಿಯೇ ನಕ್ಕಳು.

ಮರುವಾರ ಮುಂಜಾನೆ ಕಟ್ಟೆಯ ಮುಂದೆ ಓಣಿಯ ಹೆಂಗಸರು ನೆರೆದಿದ್ದರು. ಎಲ್ಲರದೂ ಒಂದೇ ಮಾತು: ನಂದೂ ಸ್ವಲ್ಪ ನೋಡವ್ವಾ. ಅನ್ನಪೂರ್ಣಾ ಒಬ್ಬೊಬ್ಬರ ಮುಖವನ್ನೂ ಸೂರ್ಯನ ಕಡೆ ತಿರುಗಿಸಿ ನೋಡಿದಳು. ಹಿಂದಿನ ಓಣಿಯ ಬಾಯವ್ವನ ತುಟಿಯ ಒಳಬದಿಯಲ್ಲಿ ಬೆಳ್ಳಗಿನ ಗೆರೆಯೊಂದಿತ್ತು. “ನಾಳಿಗೇ ಬೆಳಗಾವಿಗೆ ಹೋಗೂಣು, ನಾ ಬರತೇನಿ” ಎಂದಳು ಅನ್ನಪೂರ್ಣಾ. ಬಾಯವ್ವ ಸೆರಗು ಬಾಯಿಗೆ ಒತ್ತಿ ಅಳತೊಡಗಿದಳು. “ನಂದು ಮುಗೀತಲ್ಲವ್ವಾ…”

“ಏ ಹುಚ್ಚಿ, ಸೆರಗ ತಗಿ. ಇಲ್ಲಿ ನೋಡು” ಎಂದಳು ಸಿದ್ದಲಿಂಗವ್ವ. ಎರಡು ಬೆರಳಿನಿಂದ ತನ್ನ ಎಡಗೆನ್ನೆಯನ್ನು ಹಿಗ್ಗಿಸಿ, ಬಾಯಿ ಅಗಲಿಸಿ, ಬಿಸಿಲಿಗೆ ಮುಖವೊಡ್ಡಿ ನಿಂತಳು. ಹೆಂಗಸರು ಒಬ್ಬರ ಹೆಗಲ ಮೇಲಿಂದ ಒಬ್ಬರು ಬಗ್ಗಿ ನೋಡಿದರು. ಎಳೆಗೂಸಿನ ಕೆನ್ನೆಯಂತೆ ಕೆಂಪಗೆ, ನುಣ್ಣಗೆ ಹೊಳೆಯುತ್ತಿತ್ತು.